ಸೊನ್ನೆಯ ಹುಚ್ಚು ಹಿಡಿದ ರಾಜ್ಯ

ಬಹಳ ಬಹಳ ಹಿಂದೆ, ಏಳು ಬೆಟ್ಟಗಳ ಆಚೆ, ಚಂದನಾವತಿ ಎಂಬ ರಾಜ್ಯವಿತ್ತು. ಒಳ್ಳೆಯ ರಾಜ್ಯವೇ. ಆದರೆ ಅದಕ್ಕೆ ಸೊನ್ನೆಯ ಹುಚ್ಚು ಹಿಡಿಯಿತು ನೋಡಿ, ಹೇಳಹೊರಟರೆ ಈಗಲೂ ನನಗೆ ತಲೆ ಚಿಟ್ಟುಹಿಡಿಯುತ್ತದೆ.

ಹುಚ್ಚು ಹತ್ತಿಸಿದವನು ನಿರಾಳಕ ಎಂಬ ಮಾಂತ್ರಿಕ. "ಇಲ್ಲದಿರುವುದೇ ಚೆಲುವು" ಎಂದ. ಅಷ್ಟೇ ಸಾಕಾಯಿತು. ಗಂಡಸರು ಹಣೆಗೆ ಸೊನ್ನೆ ಬರೆದುಕೊಂಡರು, ಹೆಂಗಸರು ಸೀರೆಯ ತುಂಬ ಸೊನ್ನೆ ನೇಯಿಸಿದರು. ಕವಿಗಳು ಏನೂ ಬರೆಯದ ಓಲೆಗರಿ ಎತ್ತಿ ತೋರಿಸಿದರೆ ಸಭೆ ಭಲೇ ಎಂದಿತು. ಗವಾಯಿ ಬಾಯಿ ತೆರೆದು ಸುಮ್ಮನೆ ಕೂತರೆ ರಾಜ ಕಣ್ಣೀರು ಸುರಿಸಿದ. ಅರಮನೆಯ ಔತಣದಲ್ಲಿ ಬರೀ ಬಾಳೆಲೆ ಹಾಸಿದರು. ಅದರ ಮುಂದೆ ಕೂತು ಎಲ್ಲರೂ ತೇಗಿದರು. ಇವರಿಗೆ ಏನೆನ್ನೋಣ?

ಮಾಂತ್ರಿಕ ತನ್ನ ಕರಿಯ ಬೋಗುಣಿಯಲ್ಲಿ ಮನೆಮನೆಗೆ ಪಾಯಸ ಕಳಿಸುತ್ತಿದ್ದ. ಉಂಡು, ಬರಿದಾದ ಬೋಗುಣಿಯನ್ನು ಅವನಿಗೆ ಹಿಂದಿರುಗಿಸಲು ಹೋದವರು ತಿರುಗಿ ಬರುತ್ತಿರಲಿಲ್ಲ. ಅವರು ಬೋಗುಣಿಯ ಮೈಮೇಲೆ ಒಂದೊಂದು ಸೊನ್ನೆಯಾಗಿ ಅಂಟಿಬಿಡುತ್ತಿದ್ದರು. ನಗಾರಿ ಬಾರಿಸುವ ಬೋರಯ್ಯನೂ ಹಾಗೇ ಅಂಟಿದ.

ಅವನ ಹೆಂಡತಿ ಪುಟ್ಟೀರಮ್ಮ ಅಳುತ್ತಾ ರಾಜನ ಬಳಿ ಹೋದಳು.

"ನಿನ್ನ ಗಂಡ ಸೊನ್ನೆಯಾಗಿದ್ದಾನಮ್ಮ. ಎಂಥ ಭಾಗ್ಯ!" ಎಂದ ರಾಜ.

"ಆ ಭಾಗ್ಯ ನಿಮಗೇ ಇರಲಿ ಮಹಾಸ್ವಾಮಿ. ನನಗೆ ಗಂಡ ಬೇಕು" ಎಂದು ಅವಳು ನೆಟ್ಟಗೆ ಮಾಂತ್ರಿಕನ ಕೋಟೆಗೆ ನಡೆದಳು.

ಕೋಟೆಯ ಮುಂದೆ ಬೀಗ ಹಾಕಿದ ಬಾಗಿಲೊಂದು ನಿಂತಿತ್ತು. ಅದಕ್ಕೆ ಗೋಡೆಯೇ ಇರಲಿಲ್ಲ. ಪಂಡಿತರ ದಂಡೊಂದು ಬೀಗದ ಕೈ ಹುಡುಕುತ್ತಾ ಅಲ್ಲೇ ಬಿಡಾರ ಹೂಡಿತ್ತು. ಪುಟ್ಟೀರಮ್ಮ ಪಕ್ಕದಿಂದ ಹಾದು ಹೋದಳು.

ಆಮೇಲೆ ಮೈಯಿಲ್ಲದ ಹುಲಿಯೊಂದು ಗರ್ಜಿಸಿತು. "ಹಲ್ಲಿಲ್ಲ, ಉಗುರಿಲ್ಲ, ಇಷ್ಟು ಜಂಬವೇ? ಮುಚ್ಚು ಬಾಯಿ!" ಎಂದು ಗದರಿದಳು. ಗರ್ಜನೆ ಮಿಯಾಂವ್ ಎಂದು ಅಡಗಿತು.

ಮೂರನೆಯ ಅಡ್ಡಿ ಮಾಂತ್ರಿಕನೇ. ಅವನು ನಗುತ್ತಾ ಬೋಗುಣಿ ತುಂಬ ಪಾಯಸ ಕೊಟ್ಟ. "ಇದನ್ನು ಉಂಡು, ಬೋಗುಣಿ ತಂದುಕೊಡು ತಾಯಿ. ಗಂಡನನ್ನು ಸೇರುತ್ತೀಯೆ."

ಪುಟ್ಟೀರಮ್ಮ ಮನೆಗೆ ಬಂದು ಉಂಡಳು, ಬೋಗುಣಿ ತಿಕ್ಕಿ ತೊಳೆದಳು. ಹೊಸ್ತಿಲ ಹತ್ತಿರ ಅವಳ ಕಾಲು ತಡೆಯಿತು. ಬೇರೆಯವರ ಮನೆಯ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವುದುಂಟೆ? ಅವಳ ತಾಯಿ, ಅತ್ತೆ, ಯಾರೂ ಹಾಗೆ ಮಾಡಿದವರಲ್ಲ. ಚಿಟಿಕೆ ಸಕ್ಕರೆಯನ್ನಾದರೂ ಹಾಕಿ ಕೊಡುವುದು ಆ ಊರಿನ ಪದ್ಧತಿ. ಸೊನ್ನೆಯ ಗುಂಗಿನಲ್ಲಿ ಜನ ಅದನ್ನೂ ಮರೆತಿದ್ದರು.

"ಈ ದರಿದ್ರದವನಿಗೂ ಹಾಕಬೇಕಲ್ಲಪ್ಪಾ!" ಎಂದು ಗೊಣಗುತ್ತಾ ಒಂದು ಬೆಲ್ಲದಚ್ಚು ಹಾಕಿ ಒಯ್ದಳು.

ಬೆಲ್ಲ ಕಂಡು ಮಾಂತ್ರಿಕ ಬಿಳಿಚಿಕೊಂಡ. "ಇದೇನಿದು! ಖಾಲಿ ಬೋಗುಣಿ ಎಲ್ಲಿ?"

"ಬರೀ ಪಾತ್ರೆ ಹೆಂಗಯ್ಯಾ ಕೊಡ್ಲಿ? ನಮ್ಮನೇಲಿ ಆ ರೂಢಿ ಇಲ್ಲ. ತಗೋ!"

ಬೋಗುಣಿ ಫಟ್ಟೆಂದು ಒಡೆಯಿತು. ಅಂಟಿದ್ದ ಸೊನ್ನೆಗಳೆಲ್ಲ ಉರುಳಿಬಿದ್ದು ಮನುಷ್ಯರಾಗಿ ಎದ್ದು ನಿಂತವು. ಮಾಂತ್ರಿಕ ಮಾತ್ರ ಹೊಗೆಯಾಗಿ ಇಲ್ಲವಾದ.

ಬೋರಯ್ಯ ರುಮಾಲು ಸರಿಮಾಡಿಕೊಳ್ಳುತ್ತಾ ಬಂದ. "ಪುಟ್ಟೀರಿ, ಒಳಗೆ ಎಂಥಾ ಮೌನ ಅಂತೀಯಾ! ಇನ್ಮೇಲೆ ನಾನು ನಗಾರಿ ಬಾರಿಸದೇನೇ ಬಾರಿಸ್ತೀನಿ."

ಸಂತೋಷಕ್ಕೆ ಅಳುತ್ತಿದ್ದ ಪುಟ್ಟೀರಮ್ಮನ ಅಳು ಅಲ್ಲಿಗೇ ನಿಂತಿತು. "ಅಯ್ಯೋ ನನ್ನ ಕರ್ಮವೇ! ನಿಮ್ಮ ಸದ್ದಿಲ್ಲದೆ ಮನೆ ಹೆಂಗಿತ್ತು ಗೊತ್ತೇನ್ರೀ? ಬಾರಿಸ್ರೀ ಈಗ, ಅರಮನೆ ಹೆಂಚು ಹಾರೋ ಹಂಗೆ!"

ಅವನು ಊರಿಗೆ ಬಂದು ನಗಾರಿ ಬಾರಿಸಿದ. ರಾಜ ಬೆಚ್ಚಿಬಿದ್ದ, ಆಗ ಅವನಿಗೆ ಹಸಿವಾಯಿತು. ಅಡುಗೆಮನೆಗಳಲ್ಲಿ ಒಲೆ ಹೊತ್ತಿತು. ಅಂದಿನಿಂದ ಆ ರಾಜ್ಯದವರು ಹೊಟ್ಟೆತುಂಬ ಉಂಡು ಸುಖವಾಗಿದ್ದರು. ನಗಾರಿಯ ಗದ್ದಲಕ್ಕೆ ಕಿವಿನೋವೆಂದು ಯಾರೂ ದೂರಲಿಲ್ಲ, ದೂರಿದರೆ ಪುಟ್ಟೀರಮ್ಮ ಬಿಡಬೇಕಲ್ಲ!