ಗುಡಿಸಿದ ಹೊಸ್ತಿಲು

"ಆ ಪೊರಕೆ ಕೆಳಗಿಡಿ!"

ಜಸಿಂತಾಳ ಕೂಗಿಗೆ ಓಸ್ತಾಪ್ ಬೆಚ್ಚಿಬಿದ್ದ. ಅವಳು ಅಜ್ಜಿಯ ಮನೆ ಬಾಗಿಲಲ್ಲಿ ನಿಂತಿದ್ದಳು. ಒದ್ದೆ ಕೂದಲು, ಒಂದು ಕಾಲಿಗೆ ಮಾತ್ರ ಚಪ್ಪಲಿ. ಅವಳ ಕಣ್ಣು ಅವನ ಮುಖದ ಮೇಲಿರಲಿಲ್ಲ, ಹೊಸ್ತಿಲ ಮೇಲಿತ್ತು.

ಹೊಸ್ತಿಲು ಥಳಥಳ ಹೊಳೆಯುತ್ತಿತ್ತು. ಒಂದೇ ಒಂದು ಎಸಳಿಲ್ಲ!

ಬೆಳಕು ಹರಿಯುವ ಮುಂಚೆ ಅವಳೇ ಹಾಸಿದ್ದ ಕೆಂಪು ಕೆಮೀಲಿಯಾ ಹೂಗಳು, ಸೋಂಪಿನ ಸೊಪ್ಪು ಎಲ್ಲಾ ಗೋಡೆಯ ಮೂಲೆಯಲ್ಲಿ ಕಸದ ಗುಡ್ಡೆಯಾಗಿ ಬಿದ್ದಿದ್ದವು.

"ಇಲ್ಲಿದ್ದ ಹೂ..."

"ಗುಡಿಸಿದೆ," ಅಂದ ಅವನು, ಏನೋ ಒಳ್ಳೆಯ ಕೆಲಸ ಮಾಡಿದವನ ಮುಖ ಹೊತ್ತು. "ಬ್ರೆಡ್ಡು ಕೊಡೋಕೆ ಬಂದೆ, ಕಲ್ಲು ಒದ್ದೆಯಾಗಿತ್ತು. ಹೋದ ವಾರ ಅಜ್ಜಿ ಇಲ್ಲೇ ಜಾರಿದ್ರಲ್ಲ. ಅದೂ ಅಲ್ಲದೆ ಇವತ್ತು ನಿಮಗೆ ಹಬ್ಬ. ನಮ್ಮ ಕಡೆ ಹಬ್ಬದ ದಿನ ಹೊಸ್ತಿಲ ಮೇಲೆ ಒಂದು ಕಡ್ಡಿ ಬಿದ್ದಿದ್ರೂ ಅಮ್ಮ ಬೈತಾಳೆ."

"ಗಂಟೆಯವರು... ಬಂದಿದ್ರಾ?"

"ಹ್ಞೂಂ, ಈಗ ತಾನೇ ಹೋದ್ರು. ಶಿಲುಬೆ ನೋಡಿ ನಾನು ತಲೆ ಬಗ್ಗಿಸಿ ನಿಂತೆ. ಅವರು ಹೊಸ್ತಿಲನ್ನೊಮ್ಮೆ ನೋಡಿದ್ರು. ಮುಂದೆ ಹೋದ್ರು."

ಜಸಿಂತಾ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

ಲೀಮಾ ಹೊಳೆಯ ದಡದ ಆ ಊರುಗಳಲ್ಲಿ ಈಸ್ಟರ್ ದಿನ ಗಂಟೆ ಬಾರಿಸುತ್ತಾ ಚರ್ಚಿನ ಶಿಲುಬೆ ಮನೆಮನೆಗೆ ಬರುತ್ತದೆ, ಮನೆಯವರು ಅದಕ್ಕೆ ಮುತ್ತಿಡುತ್ತಾರೆ. ಹೂ ಹಾಸಿದ್ದರೆ ಒಳಗೆ ಬಾ ಅಂತ. ಬರಿಗಲ್ಲಿದ್ದರೆ ನೀನು ಬೇಡ ಅಂತ. ಯಾರೂ ಬಾಗಿಲು ತಟ್ಟುವುದಿಲ್ಲ, ಯಾರೂ ಕೇಳುವುದಿಲ್ಲ. ಮಾತು ಬಾರದ ಮಗುವಿಗೂ ಗೊತ್ತಿರುವ ವಿಷಯ. ಆದರೆ ಉಕ್ರೇನಿನಿಂದ ಬಂದು, ಚಳಿಗಾಲದಲ್ಲಿ ಹೊಳೆದಂಡೆಯ ಹಳೇ ಗಿರಣಿ ಮನೆ ಬಾಡಿಗೆಗೆ ಹಿಡಿದ ಈ ವೆಲ್ಡರ್‌ಗೆ ಹೇಳಿಕೊಟ್ಟವರು ಯಾರು?

"ನೀನು ಏನು ಮಾಡಿದೆ ಅಂತ ಗೊತ್ತಾ ನಿನಗೆ?" ಇಷ್ಟು ತಿಂಗಳು ನಾಲಿಗೆ ಬಿಡದೆ ಹಿಡಿದಿದ್ದ 'ನೀವು' ಒಂದೇ ಏಟಿಗೆ ಹಾರಿಹೋಗಿತ್ತು. "ಅಪ್ಪ ಸಮುದ್ರದಲ್ಲಿ ಮುಳುಗಿಹೋದ ಸುದ್ದಿ ಬಂದಿದ್ದು ಈಸ್ಟರ್ ಹಿಂದಿನ ದಿನ. ಅವತ್ತು ಮುಚ್ಚಿದ ಬಾಗಿಲು! ಹನ್ನೊಂದು ವರ್ಷ ಅಜ್ಜಿ ದೇವರ ಜೊತೆ ಟೂ ಬಿಟ್ಟಿದ್ಲು. ಈ ವರ್ಷ ಅವಳೇ ಕರೆದು 'ಹೂ ಹಾಸು ಮಗಳೇ' ಅಂದ್ಲು. ಮಂಗಳವಾರ ಅವಳ ಹೃದಯದ ಆಪರೇಷನ್! ಅದಕ್ಕೆ ಮುಂಚೆ ಒಂದ್ಸಲ ಶಿಲುಬೆಗೆ ಮುತ್ತಿಡಬೇಕು ಅಂದ್ಲು... ನೀನು ಅದನ್ನ ಗುಡಿಸಿ ಮೂಲೆಗೆ ಹಾಕಿದೆ!"

ಓಸ್ತಾಪ್‌ನ ಮುಖದಲ್ಲಿ ರಕ್ತವೇ ಉಳಿಯಲಿಲ್ಲ. ಅವನು ಏನೋ ಹೇಳಲು ಬಾಯಿ ತೆರೆದ. ಅವಳು ಕೇಳಲು ನಿಲ್ಲಲಿಲ್ಲ, ಗಂಟೆ ಹೋದ ದಿಕ್ಕಿಗೆ ಓಡಿದಳು.

ಪ್ರತಿ ಶನಿವಾರ ತಾನು ಬ್ರಾಗಾ ಪಟ್ಟಣದಿಂದ ಬಸ್ಸು ಹತ್ತಿ ಬರುತ್ತಿದ್ದದ್ದು ಬರೀ ಅಜ್ಜಿಗಾಗಿಯೇ? ಬೆಳಗ್ಗೆ ಬಾಗಿಲಿಗೆ ಬ್ರೆಡ್ಡಿನ ಚೀಲ ನೇತುಹಾಕಿ, ಸಂಜೆ ಅಜ್ಜಿ ಕೊಟ್ಟ ಸಾರು ಕುಡಿದು, ಬಟ್ಟಲು ತೊಳೆದಿಟ್ಟು ಹೋಗುವ ಈ ಮೌನಿಗಾಗಿಯೂ ಅಲ್ಲವೇ? ಆ ಯೋಚನೆ ಬಂದೊಡನೆ ತನ್ನ ಮೇಲೇ ಅಸಹ್ಯವಾಯಿತು ಅವಳಿಗೆ. 'ಹೋಗಿ ಹೋಗಿ ಇವನನ್ನ!'

ಗುಡ್ಡದ ತಿರುವಿನಲ್ಲಿ ಗುಂಪು ಸಿಕ್ಕಿತು. ಕೆಂಪು ನಿಲುವಂಗಿ ತೊಟ್ಟು ಶಿಲುಬೆ ಹಿಡಿದಿದ್ದವನು ಅಬೀಲಿಯೊ. ಊರಿಗೆಲ್ಲ ಮಾಮ, ಅಪ್ಪನ ಹಳೇ ಗೆಳೆಯ.

"ಮಾಮ! ನಾವು ಹೂ ಹಾಸಿದ್ವಿ! ಗೊತ್ತಿಲ್ಲದೆ ಆ ಗಿರಣಿ ಮನೆಯವನು ಗುಡಿಸಿಬಿಟ್ಟ. ವಾಪಸ್ ಬನ್ನಿ ಮಾಮ, ಅಜ್ಜಿ ಕಾಯ್ತಿದಾಳೆ!"

ಅಬೀಲಿಯೊ ಶಿಲುಬೆಯನ್ನು ಎದೆಗೊತ್ತಿಕೊಂಡ.

"ಶಿಲುಬೆ ಹಿಂದಕ್ಕೆ ತಿರುಗಲ್ಲಮ್ಮ. ತಿರುಗಿ ಬಂದ ಮನೇಲಿ ವರ್ಷದೊಳಗೆ ಹೆಣ ಬೀಳುತ್ತೆ ಅಂತಾರೆ. ಮಂಗಳವಾರ ಎರ್ಮೆಲಿಂಡಾ ಅಜ್ಜಿಗೆ ಎದೆ ಕುಯ್ತಾರೆ. ಆ ಪಾಪ ನನ್ನ ತಲೆಗೆ ಬೇಕಾ? ನಿನ್ನ ತಲೆಗೆ ಬೇಕಾ?"

ಬ್ರಾಗಾದ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು ಇಂಥದನ್ನೆಲ್ಲ ನಂಬುತ್ತಾಳೆಯೇ? ನಂಬುವುದಿಲ್ಲ. ಆದರೆ ಅಜ್ಜಿಯ ಪ್ರಾಣವನ್ನಿಟ್ಟು ಪರೀಕ್ಷೆ ಮಾಡುವ ಧೈರ್ಯ ಯಾರಿಗಿದೆ?

ಮೇಲಿನ ಕೇರಿಯಲ್ಲಿ ಪಟಾಕಿ ಸಿಡಿಯಿತು. ಅಲ್ಲಿನವರು ಕಾಯುತ್ತಿದ್ದಾರೆ. ಶಿಲುಬೆ ಮುಂದೆ ಹೋಯಿತು.

ಮನೆಯಲ್ಲಿ ಅಜ್ಜಿ ಬಿಳಿ ಮೇಜುಬಟ್ಟೆಯ ಮುಂದೆ ಕೂತಿದ್ದಳು. ಎತ್ತರದ ಹಳದಿ ಕೇಕು, ಸಕ್ಕರೆ ಬಾದಾಮಿ, ಸಿಹಿ ವೈನಿನ ಪುಟ್ಟ ಲೋಟಗಳು ಎಲ್ಲಾ ಹಾಗೇ ಇದ್ದವು. ಕಿವಿಯ ಚಿನ್ನದ ಓಲೆಗಳನ್ನು ಮಾತ್ರ ಅವಳು ಬಿಚ್ಚುತ್ತಿದ್ದಳು.

"ಅಜ್ಜೀ... ಓಸ್ತಾಪ್ ಗೊತ್ತಿಲ್ಲದೆ..."

"ಕೇಳಿಸ್ತು. ನಿನ್ನ ಗಂಟಲು ಊರಿಗೇ ಕೇಳಿಸುತ್ತೆ." ಅಜ್ಜಿ ನಕ್ಕಳು. ಆ ನಗು ಅಳುವಿಗಿಂತ ಕೆಟ್ಟದಾಗಿತ್ತು. "ಆ ಹುಡುಗನ್ನ ಬೈಬೇಡ. ಪೊರಕೆ ಅವನದು, ಗುಡಿಸಿದ್ದು ದೇವರು. ಹನ್ನೊಂದು ವರ್ಷ ನಾನು ಬಾಗಿಲು ಹಾಕಿದೆ. ಇವತ್ತು ಅವನು ಹಾಕಿದ. ಲೆಕ್ಕ ಚುಕ್ತಾ."

"ಹಾಗನ್ಬೇಡ ಅಜ್ಜಿ!"

"ಆಸ್ಪತ್ರೆಗೆ ಫೋನ್ ಮಾಡು. ನಾನು ಬರಲ್ಲ ಅಂತ ಹೇಳು."

"ಅಜ್ಜೀ!!"

"ದೇವರೇ ಬೇಡ ಅಂದ ಮೇಲೆ ಆ ಟೇಬಲ್ ಮೇಲೆ ಹೋಗಿ ಯಾರನ್ನ ನಂಬಿ ಮಲಗಲಿ, ಮಗಳೇ?"

ಜಸಿಂತಾ ಕಾಲು ಹಿಡಿದಳು, ಅತ್ತಳು, ಗದರಿದಳು. ಅಜ್ಜಿ ಕಲ್ಲಾಗಿ ಕೂತಿದ್ದಳು. ಆಪರೇಷನ್ ಆಗದಿದ್ದರೆ ಈ ಬೇಸಿಗೆ ದಾಟುವುದು ಕಷ್ಟ ಅಂತ ಡಾಕ್ಟರು ಜಸಿಂತಾಗೆ ಹೇಳಿದ್ದರು. ಅದು ಅಜ್ಜಿಗೂ ಗೊತ್ತಿತ್ತು!

ಮಧ್ಯಾಹ್ನ ಯಾರೋ ಬಾಗಿಲಲ್ಲಿ ಕೆಮ್ಮಿದರು.

ಓಸ್ತಾಪ್! ಒಗೆದ ಬಿಳಿ ಅಂಗಿ, ಬಾಚಿದ ತಲೆ. ಕೈತುಂಬ ಮುಳ್ಳು ಗೀರಿದ ಗಾಯ.

"ಮತ್ತೇನು ಗುಡಿಸೋಕೆ ಬಂದಿದೀಯ?" ಜಸಿಂತಾ ಎದ್ದು ನಿಂತಳು.

ಅವನು ಅವಳತ್ತ ನೋಡದೆ ಸೀದಾ ಹೋಗಿ ಅಜ್ಜಿಯ ಮುಂದೆ ಮಂಡಿಯೂರಿದ.

"ಅಜ್ಜಿ, ಶಿಲುಬೆ ಹಿಂದಕ್ಕೆ ತಿರುಗಲ್ವಂತೆ. ಆದ್ರೆ ಚರ್ಚಿಗೆ ಇಳಿಯುವಾಗ ಹೊಳೆದಾರಿ ಹಿಡಿಯುತ್ತಂತೆ. ಅದೇ ದಾರೀಲಿ ನನ್ನ ಬಾಗಿಲಿದೆ. ನಾನು ಹೂ ಹಾಸಿದೀನಿ. ನೀವು ನನ್ನ ಮನೆಗೆ ಬನ್ನಿ."

ಅಜ್ಜಿ ಅವನ ಗೀರು ಬಿದ್ದ ಕೈಗಳನ್ನೇ ನೋಡಿದಳು.

"ಬರ್ತೀಯಾ ಅಜ್ಜಿ?" ಜಸಿಂತಾ ಕೂಡಲೇ ಕೇಳಿದಳು. "ನಾನು ಕೋಲು ತರ್ತೀನಿ, ನಿಧಾನಕ್ಕೆ..."

"ನೀವು ಬೇಡ," ಅಂದ ಓಸ್ತಾಪ್, ತಟ್ಟನೆ. "ಅಜ್ಜಿ ಒಬ್ಬರೇ ಬರಲಿ. ನಾನೇ ಕರ್ಕೊಂಡು ಹೋಗ್ತೀನಿ."

ಮುಖಕ್ಕೆ ಹೊಡೆದ ಹಾಗಾಯಿತು! ಬೆಳಗ್ಗೆ ಬೈದದ್ದಕ್ಕೆ ಸೇಡೇ? ಅವಳ ಕಣ್ಣು ತುಂಬಿ ಬಂತು. 'ಸರಿ. ಅಜ್ಜಿ ಮುತ್ತಿಟ್ಟರೆ ಸಾಕು. ನನ್ನನ್ನು ಕರೆಯದಿದ್ದರೆ ಅಷ್ಟೇ ಹೋಯಿತು.'

ಅಜ್ಜಿ ಓಲೆಗಳನ್ನು ಕೈಗೆತ್ತಿಕೊಂಡಳು. "ತೂತು ಕಾಣ್ತಿಲ್ಲ ನನಗೆ. ಹಾಕು ಮಗಳೇ."

ಬೇಡವೆಂದರೂ ಜಸಿಂತಾ ಹೋದಳು. ಹೋಗದೆ ಇರುವ ಹೆಣ್ಣೇ ಅವಳು? ಗಿರಣಿ ಮನೆಯ ಎದುರಿನ ಮೋಟುಗೋಡೆಯ ಹತ್ತಿರ, ಊರ ಹೆಂಗಸರ ಹಿಂದೆ ಮರೆಯಾಗಿ ನಿಂತಳು. ಸುದ್ದಿ ಹೇಗೆ ಹಬ್ಬಿತ್ತೋ, ಅರ್ಧ ಕೇರಿ ಅಲ್ಲಿ ಸೇರಿತ್ತು.

ಓಸ್ತಾಪ್ ಹಾಸಿದ್ದ ಹೂಗಳನ್ನು ನೋಡಿದರೆ ನಗು ಬರುವಂತಿತ್ತು. ಗುಲಾಬಿ, ಹಳದಿ ಕಾಡುಹೂ, ಸೊಪ್ಪು, ಕೊನೆಗೆ ಯಾರದೋ ತೋಟದ ಕೋಸಿನ ಹೂವೂ ಇತ್ತು. ಹೊಸ್ತಿಲಷ್ಟೇ ಅಲ್ಲ, ದಾರಿಯ ಅರ್ಧದವರೆಗೂ ಸುರಿದಿದ್ದ. ಅಜ್ಜಿ ಜಾರದಿರಲಿ ಅಂತ ಕೆಳಗೆ ಗೋಣಿತಾಟು ಹಾಸಿದ್ದ.

ಪಟಾಕಿ ಹತ್ತಿರವಾಯಿತು. ಗಂಟೆ ಕೇಳಿಸಿತು. ಅಜ್ಜಿ ಕೋಲೂರಿ ಹೊಸ್ತಿಲಲ್ಲಿ ನಿಂತಳು, ಪಕ್ಕದಲ್ಲಿ ಓಸ್ತಾಪ್.

ಗುಂಪು ನಿಂತಿತು. ಅಬೀಲಿಯೊ ಹೂಗಳನ್ನು ನೋಡಿದ, ಅವನನ್ನು ನೋಡಿದ.

"ನಿಮ್ಮ ಉಕ್ರೇನಿನ ಕ್ಯಾಲೆಂಡರಲ್ಲಿ ಈಸ್ಟರ್ ಇನ್ನೂ ಮುಂದಿದೆ ಅಂತಾರಲ್ಲಪ್ಪ? ನಿನ್ನ ಕ್ರಿಸ್ತ ಇನ್ನೂ ಎದ್ದಿಲ್ವಲ್ಲ!"

ಜನ ನಕ್ಕರು.

"ಎದ್ದವನು ಬಾಗಿಲಿಗೆ ಬಂದಾಗ ಕ್ಯಾಲೆಂಡರ್ ನೋಡ್ತಾರಾ ಮಾಮ?" ಅಂದ ಓಸ್ತಾಪ್.

ಅಬೀಲಿಯೊನ ಮೀಸೆ ಅಲ್ಲಾಡಿತು. ಆದರೆ ಕಾಲು ಮುಂದಿಡಲಿಲ್ಲ.

"ಹೂ ಹಾಸಿದೀಯ, ಒಳಗೆ ಬರ್ತೀನಿ. ನೀನು ಮುತ್ತಿಡು. ಆದ್ರೆ ಅಜ್ಜಿ? ಮುತ್ತಿಡೋದು ಅವರವರ ಮನೆ ಹೊಸ್ತಿಲಲ್ಲಿ. ಇವರು ನಿನಗೇನಾಗಬೇಕು?"

"ನನಗೆ... ಅಮ್ಮ ಇದ್ದ ಹಾಗೆ."

"ಹಾಗೆ-ಹೀಗೆ ಅಂದ್ರೆ ಆಗಲ್ಲ. ಇವತ್ತು ನಾನು ಸಡಿಲ ಬಿಟ್ರೆ ನಾಳೆ ಊರೆಲ್ಲ ಕೇಳುತ್ತೆ. ಮನೆಯವರಾ, ಅಲ್ವಾ?"

ಓಸ್ತಾಪ್ ತುಟಿ ಕಚ್ಚಿ ನಿಂತ. ಅವನ ಕಣ್ಣು ಒಂದು ಕ್ಷಣ ಗೋಡೆಯ ಕಡೆ ಹೊರಳಿ, ಜಸಿಂತಾಳನ್ನು ಕಂಡು, ಕೂಡಲೇ ನೆಲ ನೋಡಿತು.

"ಬಾಯಿ ಬಿಡ್ತಾನಾ ನೋಡು ಪುಣ್ಯಾತ್ಮ!" ಪಕ್ಕದಲ್ಲಿ ನಿಂತಿದ್ದ ನೆರೆಮನೆಯ ಬಾಲ್ಬಿನಾ ಗೊಣಗಿದಳು. "ಹೂ ಕೇಳೋಕೆ ಬಂದಾಗಲೇ ಹೇಳಿದೆ. ಮದುವೆಯಾಗದ ಹುಡುಗಿ ನಿನ್ನ ಹೊಸ್ತಿಲಲ್ಲಿ ಶಿಲುಬೆಗೆ ಮುತ್ತಿಟ್ರೆ ಅವಳು ಆ ಮನೆಯವಳೇ, ನಿಶ್ಚಿತಾರ್ಥಕ್ಕಿಂತ ಗಟ್ಟಿ, ಜಸಿಂತಾನೂ ಕರಿ ಅಂತ. 'ಅವರನ್ನ ಹಾಗೆ ಸಿಕ್ಕಿಸಬಾರದು, ಅಜ್ಜೀನ ಮಾತ್ರ ಕರೀತೀನಿ' ಅಂದ. ಇಂಥ ಪೆದ್ದನ್ನ ಎಲ್ಲಾದ್ರೂ ಕಂಡಿದೀರಾ?"

ಆ 'ನೀವು ಬೇಡ' ಎಂಬುದು ಸೇಡಲ್ಲ! ಹೊಸ್ತಿಲು ತುಳಿಯುವುದೋ ಬಿಡುವುದೋ ಅಂತ ಜಸಿಂತಾಳಿಗೇ ಬಿಟ್ಟುಕೊಟ್ಟಿದ್ದ.

ಅವಳು ಗುಂಪನ್ನು ಸರಿಸಿ ಮುಂದೆ ಬಂದಳು. ಹೂಗಳ ಮೇಲೆ ಕಾಲಿಟ್ಟಳು. ನೆತ್ತಿಯವರೆಗೂ ಬಿಸಿ ಏರಿತು. ಊರಿನ ಅಷ್ಟೂ ಕಣ್ಣುಗಳು ಬೆನ್ನಿಗೆ ಚುಚ್ಚುತ್ತಿದ್ದವು. ಈ ಒಂದು ಹೆಜ್ಜೆ ಇಟ್ಟರೆ ಮತ್ತೆ ತೆಗೆಯುವ ಹಾಗಿಲ್ಲ ಅಂತ ಅಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವಳು ಅವಳೇ.

"ಜಸಿಂತಾ, ಬೇಡ..." ಓಸ್ತಾಪ್ ಪಿಸುಗುಟ್ಟಿದ.

ಅವಳು ಅವನ ಪಕ್ಕದಲ್ಲಿ ಹೊಸ್ತಿಲ ಮೇಲೆ ನಿಂತಳು.

"ನಾನು ಈ ಮನೆಯವಳು, ಮಾಮ," ಅಂದಳು, ಎಲ್ಲರಿಗೂ ಕೇಳುವ ಹಾಗೆ. "ಅವಳು ನನ್ನ ಅಜ್ಜಿ. ಇನ್ನೂ ಏನಾದ್ರೂ ಕೇಳೋದಿದೆಯಾ?"

ಬಾಲ್ಬಿನಾ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡಳು.

ಅಬೀಲಿಯೊ ಒಮ್ಮೆ ಅವಳ ಮುಖ ನೋಡಿದ. ತನ್ನ ಸತ್ತ ಗೆಳೆಯನ ಮೂಗು, ಅದೇ ಹಟ.

"ಈ ಮನೆಗೆ ಶಾಂತಿ ಇರಲಿ," ಅಂದ. "ಇಲ್ಲಿರೋ ಎಲ್ಲರಿಗೂ."

ಶಿಲುಬೆ ಬಾಗಿತು. ಅಜ್ಜಿ ಎರ್ಮೆಲಿಂಡಾ ಕೋಲು ಬಿಟ್ಟು, ಎರಡೂ ಕೈಯಲ್ಲಿ ಅದನ್ನು ಹಿಡಿದು ತುಟಿಯೊತ್ತಿದಳು. ಬಿಡಲೇ ಇಲ್ಲ. ಅವಳ ಭುಜ ಕುಲುಕುತ್ತಿತ್ತು.

"ನನ್ನ ಮಗ ಚೆನ್ನಾಗಿದಾನಾ?" ಅಂತ ಮಾತ್ರ ಕೇಳಿದಳು, ಶಿಲುಬೆಗೆ ಕೇಳುವಷ್ಟು ಮೆಲ್ಲಗೆ.

ಯಾರೂ ಅವಸರ ಮಾಡಲಿಲ್ಲ. ಆಮೇಲೆ ಓಸ್ತಾಪ್ ಮುತ್ತಿಟ್ಟ, ಆಮೇಲೆ ಜಸಿಂತಾ.

ಗಂಟೆ ಚರ್ಚಿನ ಕಡೆ ಇಳಿದುಹೋಯಿತು. ಜನ ಕದಲಲು ಮನಸ್ಸಿಲ್ಲದೆ ಕದಲಿದರು. ಅಜ್ಜಿ ಒಳಗೆ ಕೂತು, ಕಣ್ಣೊರೆಸಿಕೊಂಡು, "ಮಂಗಳವಾರ ಎಷ್ಟು ಹೊತ್ತಿಗೆ ಹೊರಡಬೇಕು? ಚೀಲ ತುಂಬಬೇಕಲ್ಲ," ಅಂದಳು.

ಅದನ್ನು ಕೇಳಿದ್ದೇ ಜಸಿಂತಾ ಹೊಸ್ತಿಲ ಮೇಲೆ ಕೂತು ಬಿಕ್ಕಿಬಿಕ್ಕಿ ಅತ್ತಳು. ಓಸ್ತಾಪ್ ಪಕ್ಕದಲ್ಲಿ ಕೂತ, ಒಂದು ಮೊಳ ದೂರ ಬಿಟ್ಟು.

"ಬೆಳಗ್ಗೆ ಬೈದದ್ದು..." ಅವಳು ಮೂಗು ಒರೆಸಿಕೊಂಡಳು.

"ಬೈಯಬೇಕಾದ್ದೇ."

"ಕೋಸಿನ ಹೂ ಯಾರ ತೋಟದ್ದು?"

"ಅದು... ಅಬೀಲಿಯೊ ಮಾಮಂದು."

ಅವಳು ಅಳುತ್ತಲೇ ನಕ್ಕುಬಿಟ್ಟಳು. ಅವನು ನಗಲಿಲ್ಲ. ತನ್ನ ಗೀರುಬಿದ್ದ ಕೈಗಳನ್ನೇ ನೋಡುತ್ತಿದ್ದ.

"ಜಸಿಂತಾ, ನೀವು ಅಜ್ಜಿಗೋಸ್ಕರ ಹಾಗೆ ಹೇಳಿದ್ರಿ. ನನಗೆ ಅರ್ಥವಾಗುತ್ತೆ. ಬೇಕಾದ್ರೆ ನಾಳೆ ನಾನೇ ಊರಿಗೆಲ್ಲ ಹೇಳ್ತೀನಿ, ಅದು ಸುಳ್ಳು ಅಂತ..."

ಅವಳು ಆ ಒಂದು ಮೊಳ ದೂರವನ್ನು ತಾನೇ ಸರಿದು ಮುಗಿಸಿದಳು.

"ಶಿಲುಬೆ ಎದುರಿಗೆ ನಿಂತು ಯಾರಾದ್ರೂ ಸುಳ್ಳು ಹೇಳ್ತಾರೇನೋ, ಪೆದ್ದು?"