ಹೀಟರಿನ ಕಡ್ಡಿ

"ಅದು ನಮ್ಮ ಕಡ್ಡಿ ಅಲ್ಲವೇ ಅಲ್ಲ!" ಡಾರ್ಸಿ ಕೂಗಿದಳು.

ಅವಳ ಟ್ರೇಲರ್ ಮನೆಯ ಪಕ್ಕದಲ್ಲಿ ಮಿಸ್ಟರ್ ವರ್ಜಿಲ್ ಮಂಡಿಯೂರಿ ಕೂತಿದ್ದರು. ವಾಟರ್ ಹೀಟರಿನ ನೀರೆಲ್ಲ ಮರಳಿಗೆ ಹರಿದಿತ್ತು. ಅವರ ಕೈಯಲ್ಲಿದ್ದದ್ದು ಒಂದು ಬೋಲ್ಟು, ಅದರ ತುದಿಗೆ ಯಾರೋ ಕಚ್ಚಿ ತಿಂದು ಬಿಟ್ಟಂಥ ತಂತಿ.

"ನಿಮ್ಮದೇ ಕಣಮ್ಮಾ. ಈಗ ತಾನೇ ಬಿಚ್ಚಿದೆ."

"ನಮ್ಮದು ದಪ್ಪಗಿತ್ತು! ಮೇಲೆ ನಕ್ಷತ್ರ ಇತ್ತು!"

ಏಪ್ರಿಲ್‌ನಲ್ಲಿ ಅಪ್ಪನ ಜೊತೆ ಹೀಟರಿನ ಟ್ಯಾಂಕಿಗೆ ಹೊಸ ಲೋಹದ ಕಡ್ಡಿ ಹಾಕಿದ್ದು ಅವಳೇ. ಹೆಬ್ಬೆರಳಿನಷ್ಟು ದಪ್ಪ ಇತ್ತು. ಬೋಲ್ಟಿನ ತಲೆಗೆ ಮೊಳೆಯಿಂದ ನಕ್ಷತ್ರ ಕೊರೆದವಳೂ ಅವಳೇ. ಈಗ ಅಪ್ಪ ಬೀಟ್ ಕೊಯ್ಲಿಗೆಂದು ಡಕೋಟಾಗೆ ಹೋಗಿದ್ದಾನೆ. ಬಿಸಿನೀರು ಕೊಳೆತ ಮೊಟ್ಟೆಯ ಹಾಗೆ ನಾರುತ್ತಿದೆ ಎಂದು ಅಮ್ಮ ರಿಪೇರಿ ಕೆಲಸ ಬಲ್ಲ ಈ ಮುದುಕರನ್ನು ಕರೆದು, ತಾನು ಕೆಲಸಕ್ಕೆ ಹೋದಳು.

ಬಿಚ್ಚುವ ಮುಂಚೆ ವರ್ಜಿಲ್, "ಒಳಗೆ ಹೋಗಿ ಬಿಸಿನೀರಿನ ನಲ್ಲಿ ತಿರುಗಿಸು," ಎಂದು ಅವಳನ್ನು ಕಳಿಸಿದ್ದರು. ಓಹೋ, ಕಡ್ಡಿ ಬದಲಾಯಿಸಲಿಕ್ಕೇ ಕಳಿಸಿದ್ದು! ಅವರ ಟ್ರೇಲರಿನ ಹಿಂದೆ ಇಂಥ ಕಡ್ಡಿಗಳು ಒಂದು ಬಕೆಟ್ ತುಂಬ ಇರುವುದನ್ನು ಅವಳು ನೋಡಿರಲಿಲ್ಲವೇ?

ಡಾರ್ಸಿ ಒಂದೇ ಉಸಿರಿಗೆ ಟ್ರೇಲರ್ ಪಾರ್ಕಿನ ಆಫೀಸಿಗೆ ಓಡಿದಳು.

ಪಾರ್ಕ್ ನೋಡಿಕೊಳ್ಳುವ ಮಿಸ್ ರೆನಾಟಾ ಗಾಲ್ಫ್ ಕಾರ್ಟಿನಲ್ಲಿ ಅವಳನ್ನು ಕೂರಿಸಿಕೊಂಡು ಬಂದರು. ಮುಖ ಗಂಟಾಗಿತ್ತು. "ವರ್ಜಿಲ್, ನಿಮ್ಮ ಬಕೆಟ್ಟಿನ ಹಳೇ ಕಡ್ಡಿ ತೋರಿಸಿ ಇವರ ಹೊಸದನ್ನ ಇಟ್ಕೊಂಡಿದ್ದೀರಂತೆ. ಈ ಮಾತು ನಿಜ ಆದ್ರೆ ಇವತ್ತೇ ನೀವು ಟ್ರೇಲರ್ ಎಳ್ಕೊಂಡು ಹೊರಡ್ಬೇಕು. ಇಲ್ಲಿ ಕಳ್ಳತನ ನಡೆಯಲ್ಲ."

"ಆ ಬಕೆಟ್‌ನಲ್ಲಿರೋದೆಲ್ಲ ಸವೆದ ಕಡ್ಡಿ. ಕಡ್ಡಿ ಇಷ್ಟು ಬೇಗ ಸವೆಯುತ್ತೆ ಅಂದ್ರೆ, ತೋರಿಸಿದ್ರೂ ಜನ ನಂಬಲ್ಲ," ಎಂದರು ವರ್ಜಿಲ್. ತಂತಿಯ ಬ್ರಷ್ಷನ್ನೂ ಬೋಲ್ಟನ್ನೂ ಡಾರ್ಸಿಯ ಕೈಗಿಟ್ಟರು. "ಬೋಲ್ಟಿನ ತಲೆ ಮೇಲೆ ಉಪ್ಪು ಕಟ್ಟಿದೆ. ನೀನೇ ಉಜ್ಜಿ ನೋಡು."

ಉಜ್ಜಿದರೆ ತಾನೇ ಏನು ಸಿಗುತ್ತೆ ಎಂದುಕೊಂಡು ಅವಳು ಉಜ್ಜಿದಳು. ಬಿಳಿ ಪುಡಿ ಉದುರಿತು. ಒಂದು ಗೆರೆ ಕಂಡಿತು. ಇನ್ನೊಂದು. ಮೊಳೆ ಜಾರಿ ಸೊಟ್ಟಗಾಗಿದ್ದ ನಕ್ಷತ್ರದ ಐದನೆಯ ಮೂಲೆಯೂ ಕಂಡಿತು.

ಡಾರ್ಸಿ ಅದು ಕಾಣದಂತೆ ಮೇಲೆ ಹೆಬ್ಬೆರಳು ಒತ್ತಿದಳು. ಅವಳ ಕಿವಿ ಬಿಸಿಯಾಯಿತು.

"ಏನಾದ್ರೂ ಕಾಣ್ತಾ?" ರೆನಾಟಾ ಕಾರ್ಟಿನಿಂದಲೇ ಕೇಳಿದರು.

ವರ್ಜಿಲ್ ಇತ್ತ ನೋಡುತ್ತಲೇ ಇರಲಿಲ್ಲ. ಟ್ಯಾಂಕಿನ ತೂತಿಗೆ ಟಾರ್ಚ್ ಹಿಡಿದಿದ್ದರು. "ಬಾ ಪುಟ್ಟೀ, ಇಲ್ಲಿ ನೋಡು. ಈ ಊರಿನ ನೀರು ಟ್ಯಾಂಕನ್ನೇ ತಿಂದು ಹಾಕುತ್ತೆ. ಈ ಕಡ್ಡಿ ಇದ್ರೆ ಮೊದಲು ಇದನ್ನ ತಿನ್ನುತ್ತೆ. ಅದಕ್ಕೇ ಇದನ್ನ ಹಾಕೋದು."

ಡಾರ್ಸಿ ಬಗ್ಗಿ ನೋಡಿದಳು. ಟ್ಯಾಂಕಿನೊಳಗೆ ಒಂದು ಚೂರೂ ತುಕ್ಕಿರಲಿಲ್ಲ. ಕೈಯಲ್ಲಿದ್ದ ಕಡ್ಡಿಯಲ್ಲಿ ಉಳಿದದ್ದು ತಂತಿ ಮಾತ್ರ.

"ಡಾರ್ಸೀ?" ಎಂದರು ರೆನಾಟಾ.

ಅವಳು ಕಾರ್ಟಿನ ಹತ್ತಿರ ಹೋಗಿ ಹೆಬ್ಬೆರಳು ತೆಗೆದಳು. "ಇದು ನಮ್ಮದೇ ಮಿಸ್ ರೆನಾಟಾ. ನಾನು ಸುಮ್ಮಸುಮ್ಮನೆ ಅವರನ್ನ ಕಳ್ಳ ಅಂದೆ." ಹಿಂದೆ ಟ್ಯಾಂಕಿನ ಹತ್ತಿರ ಕೂತಿದ್ದ ವರ್ಜಿಲ್ ಅವರಿಗೂ ಕೇಳುವಷ್ಟು ಜೋರಾಗಿಯೇ ಹೇಳಿದಳು.

ಕಾರ್ಟು ಹೊರಟುಹೋಯಿತು. ಡಾರ್ಸಿ ತಲೆ ತಗ್ಗಿಸಿ ವಾಪಸು ಬಂದಳು. ವರ್ಜಿಲ್ ಟೂಲ್‌ಬಾಕ್ಸಿನಲ್ಲಿ ತಡಕಾಡಿ ದಪ್ಪನೆಯ ಹೊಸ ಕಡ್ಡಿಯೊಂದನ್ನು ತೆಗೆದು ಅವಳ ಕೈಗೆ ಕೊಟ್ಟರು.

ಅದರ ಜೊತೆ ಒಂದು ಮೊಳೆಯನ್ನೂ ಕೊಟ್ಟರು.