ಐದನೆಯ ತೋಟಾ

ನಾಲ್ಕನೆಯ ಸಲವೂ ರಿವಾಲ್ವರ್ 'ಟಪ್' ಎಂದಿತೇ ಹೊರತು ಗುಂಡು ಹಾರಲಿಲ್ಲ.

ನಾಟಿಂಗ್‌ಹ್ಯಾಮ್‌ ಊರಾಚೆಯ ಶೂಟಿಂಗ್ ಕ್ಲಬ್ಬಿನಲ್ಲಿ ಆ ಭಾನುವಾರ ಬಿದ್ದ ಮೌನ ಸಾಮಾನ್ಯದ್ದಲ್ಲ. ದೂರದ ಲಂಡನ್ನಿನ ಕಾಗೆಗಳೂ ಬಾಯಿ ಮುಚ್ಚಿರಬೇಕು.

ಶ್ರೀಶೈಲ ನಳಿಕೆಯನ್ನು ಮಣ್ಣಿನ ದಿಬ್ಬದತ್ತಲೇ ಹಿಡಿದು ನಿಂತ. ಕಪ್ಪು ಮದ್ದು ತಡವಾಗಿ ಸಿಡಿಯುವುದುಂಟು. ಒಂದು ನಿಮಿಷ ಅಲ್ಲಾಡಬಾರದು. ಆ ನಿಮಿಷದಲ್ಲಿ ಅವನು ಮೂರು ಜನ್ಮ ಮುಗಿಸಿದ.

ಅವನದು ಹಳೇ ಮಾದರಿಯ ರಿವಾಲ್ವರ್. ಅದರ ತೋಟಾಗಳನ್ನು ಅವನೇ ಮನೆಯಲ್ಲಿ ಸುತ್ತುತ್ತಿದ್ದ: ತೆಳು ಕಾಗದದ ಕೊಳವೆ, ತುದಿಗೆ ಸೀಸದ ಗುಂಡು, ನಡುವೆ ಚಿಟಿಕೆ ರವೆ, ಬಾಲದ ಕಡೆ ಕಪ್ಪು ಮದ್ದು. ಹಿಂದಿನಿಂದ ತಾಮ್ರದ ಪುಟ್ಟ ಕ್ಯಾಪ್ ಕಿಡಿ ಕೊಟ್ಟರೆ ಸಾಕು, ಗುಡುಗು. ಇಂದು ಕಿಡಿ ಬಂದಿತ್ತು. ಗುಡುಗು ಬಂದಿರಲಿಲ್ಲ.

ಹಂಡೆ ಉಜ್ಜುವಷ್ಟು ಮೀಸೆಯಿದ್ದ ರೇಂಜ್ ಆಫೀಸರ್ ಐದನೆಯದನ್ನು ಹಾರಿಸಲು ಬಿಡಲಿಲ್ಲ. ರಿವಾಲ್ವರ್ ಬಿಚ್ಚಿದ. ನಾಲ್ಕನೆಯ ಗುಂಡು ನಳಿಕೆಯೊಳಗೆ ಸಿಕ್ಕಿಕೊಂಡಿತ್ತು. ಅದಕ್ಕಿಂತ ಕೆಟ್ಟ ಸುದ್ದಿ ಹಿಂದೆ ಇತ್ತು: ನಾಲ್ಕು ತೋಟಾಗಳಲ್ಲಿ ಮದ್ದೇ ಇಲ್ಲ. ಅದರ ಜಾಗದಲ್ಲಿ ಎಂಥದೋ ಕಪ್ಪು ಪುಡಿ.

ಹಾಗಾದರೆ ಮದ್ದು ಎಲ್ಲಿ? ಸಂಜೆ ಆರರೊಳಗೆ ಸಿಗದಿದ್ದರೆ ಪೊಲೀಸರಿಗೆ ತಿಳಿಸುವುದಾಗಿ ಆಫೀಸರ್ ಹೇಳಿದ. ಲೈಸೆನ್ಸ್ ಹೋಗುವ ಚಿಂತೆ ಶ್ರೀಶೈಲನಿಗೆ ಎರಡನೆಯದು. ಮೊದಲನೆಯದು— ಮನೆಯಲ್ಲಿ ನಾಲ್ಕು ಜನ, ಒಂದು ಗ್ಯಾಸ್ ಒಲೆ, ಮತ್ತು ಎಲ್ಲಿದೆಯೆಂದು ಗೊತ್ತಿಲ್ಲದ ಮದ್ದು.

ಜೊತೆಗಿದ್ದವರು ಡಾಕ್ಟರ್ ನೀಲಾಂಬಿಕಾ, ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವವರು. ಬಸವ ಜಯಂತಿಯಲ್ಲಿ ಕಳೆದ ಇಷ್ಟಲಿಂಗದ ಬೆಳ್ಳಿ ಕರಡಿಗೆಯನ್ನು ಮುನ್ನೂರು ಜೋಡಿ ಚಪ್ಪಲಿಗಳ ನಡುವಿನಿಂದ ಕಣ್ಣು ಮಿಟುಕಿಸುವಷ್ಟರಲ್ಲಿ ಎತ್ತಿ ಕೊಟ್ಟವರು. ಅವರಿಗೆ ತನ್ನ ಕೈಚಳಕ ತೋರಿಸಬೇಕೆಂಬ ಹುರುಪಿನಲ್ಲಿ ಶ್ರೀಶೈಲ ಐದೂ ತೋಟಾಗಳನ್ನು ನೋಡದೆಯೇ ತುಂಬಿದ್ದ. ನೀಲಾಂಬಿಕಾ ಐದೂ ಕಾಗದಗಳನ್ನು ಟಿಶ್ಯೂನಲ್ಲಿ ಸುತ್ತಿಟ್ಟುಕೊಂಡರು.

"ನಿನ್ನೆ ಸುತ್ತಿದ ಮ್ಯಾಲೆ ಎಲ್ಲಿಟ್ಟಿದ್ದಿ?" ಕಾರಿನಲ್ಲಿ ಕೇಳಿದರು.

"ಗ್ಯಾರೇಜಿನ ಮೇಜಿನ ಮ್ಯಾಲೆ, ಅಕ್ಕಾರ. ಅಂಟು ಒಣಗಲಿ ಅಂತ."

"ಬೀಗ?"

ಹಾಕಿರಲಿಲ್ಲ. ಬಾಗಲಕೋಟೆಯಿಂದ ಫೋನ್ ಬಂದಿತ್ತು. ಅರ್ಧ ತಾಸು ಹರಟೆ. ಬಾಗಿಲು ತೆರೆದೇ ಇತ್ತು.

ಮನೆಗೆ ಬಂದೊಡನೆ ವಿಚಾರಣೆ. ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದ ಎಂ.ಎಸ್‌ಸಿ. ವಿದ್ಯಾರ್ಥಿ ಕಿಶೋರ್ ಕಾಗದಕ್ಕಿಂತ ಬೆಳ್ಳಗಾದ. ಹೋದ ವಾರ ಇವನೇ, ದೀಪಾವಳಿಗೆ ಸ್ವಂತ ಪಟಾಕಿ ಮಾಡುತ್ತೇನೆಂದು ಕೊಚ್ಚಿಕೊಂಡಿದ್ದ.

"ಅದು ತಮಾಷೆಗೆ ಅಂದಿದ್ದು, ಮೇಡಂ. ನಾನು ಕುಕ್ಕರ್ ಸೀಟಿಗೇ ಹೆದರೋನು."

ಅವನ ಕೋಣೆಯನ್ನು ಶ್ರೀಶೈಲ ತಲೆಕೆಳಗು ಮಾಡಿದ. ಸಿಕ್ಕಿದ್ದು ಎರಡು ವರ್ಷದಷ್ಟು ಒಗೆಯದ ಬಟ್ಟೆ ಮಾತ್ರ.

ಹೆಂಡತಿ ದಾನೇಶ್ವರಿ ಅಡುಗೆಮನೆಯಲ್ಲಿದ್ದಳು, ಮೂಲೆಯ ಕುರ್ಚಿಯಲ್ಲಿ ಅವಳ ತಾಯಿ. ಆ ರಿವಾಲ್ವರ್ ಬಂದ ದಿನದಿಂದ ಗಂಡನೊಡನೆ ಅವಳಿಗೆ ಜಗಳ.

"ನೀ ಮುಟ್ಟಿದ್ಯಾ?" ಎಂದರು ನೀಲಾಂಬಿಕಾ.

"ನಾ ಮುಟ್ಟೋದಿದ್ರ ಪಿಸ್ತೂಲನ್ನೇ ಟ್ರೆಂಟ್ ನದಿಗೆ ಒಗೀತಿದ್ದೆ, ಅಕ್ಕಾರ. ಪುಡಿ-ಗಿಡಿ ನನಗ ಗೊತ್ತಿಲ್ಲ."

ಹೇಳುತ್ತಲೇ ಅವಳು ಬಾಣಲೆಯತ್ತ ತಿರುಗಿದಳು. ಕಾದ ಎಣ್ಣೆಯಲ್ಲಿ ಬದನೆಕಾಯಿ ಚುರುಗುಟ್ಟುತ್ತಿತ್ತು. ಕೆಳಗೆ ನೀಲಿ ಜ್ವಾಲೆ. ಕೈಯಲ್ಲಿ ಸ್ಟೀಲ್ ಡಬ್ಬಿ. ಅದರಿಂದ ಬಳಿದು ತೆಗೆದ ಒಂದು ಚಮಚ— ಕಪ್ಪು ಪುಡಿ.

ಶ್ರೀಶೈಲ ಕೂಗಬೇಕೆಂದ, ಗಾಳಿ ಮಾತ್ರ ಬಂತು.

"ಚಮಚಾ ಅಲ್ಲೇ ಹಿಡಿ, ದಾನೇಶ್ವರಿ," ನೀಲಾಂಬಿಕಾ ಮೆಲ್ಲಗೆ ಅಂದರು. "ಅಲ್ಲಾಡಬ್ಯಾಡ." ತಾವೇ ಹೋಗಿ ಒಲೆ ಆರಿಸಿದರು. ಚಮಚವನ್ನು ಕಿಟಕಿಯ ಹತ್ತಿರ ಒಯ್ದು ಮೂಸಿದರು. ಆಮೇಲೆ ಬೆರಳಿಂದ ಚೂರು ತೆಗೆದು ನೆಕ್ಕಿಯೇಬಿಟ್ಟರು.

ಗಡಿಯಾರವೂ ಉಸಿರು ಬಿಗಿಹಿಡಿದಂತಿತ್ತು.

"ಗುರೆಳ್ಳು ಚಟ್ನಿಪುಡಿ. ಬಳ್ಳೊಳ್ಳಿ ಜರಾ ಹೆಚ್ಚು," ಎಂದರು. "ಗ್ಯಾರೇಜಿಗೆ ಹೋದವರು ಯಾರು ಅಂತ ಈಗ ತಿಳೀತು."

ಮೇಜಿನ ಮೇಲೆ ಐದು ಕಾಗದ ಹರವಿದರು. ನಾಲ್ಕರಲ್ಲಿ ಎಣ್ಣೆಯ ಕಲೆ.

"ಅದು ನಾ ಹಚ್ಚೋ ಜಿಡ್ಡು, ಅಕ್ಕಾರ," ಎಂದ ಶ್ರೀಶೈಲ.

"ಜಿಡ್ಡು ಹಚ್ಚೋದು ಗುಂಡಿನ ಕಡೆ. ಕಲೆ ಇರೋದು ಬಾಲದ ಕಡೆ. ಮದ್ದು ಒಣಾ ಇರ್ತದ. ಎಣ್ಣಿ ಬಿಡೋದು ಗುರೆಳ್ಳು. ಕ್ಲಬ್ಬಿನಾಗ ಎಲ್ಲಾರೂ ಕಲೆ ನೋಡಿದ್ರಿ, ಎಲ್ಲೈತಿ ಅಂತ ನೋಡಲಿಲ್ಲ." ಅವರು ಒಂದು ಬಾಲ ಎತ್ತಿ ಹಿಡಿದರು. "ಐದನೇದರ ಬಾಲ ನೀ ಮಡಚಿದ್ದಿ. ಈ ನಾಲ್ಕೂ ಅಂಗೈ ಮ್ಯಾಲೆ ತಿರುವಿದ್ದು. ಈ ಮನ್ಯಾಗ ದಿನಾ ಬತ್ತಿ ಹೊಸಿಯೋರು ಯಾರು?"

ಮೂಲೆಯ ಕುರ್ಚಿಯಲ್ಲಿ, ಎರಡು ತಿಂಗಳ ಹಿಂದೆ ಬಾಗಲಕೋಟೆಯಿಂದ ಬಂದ ದಾನೇಶ್ವರಿಯ ತಾಯಿ ಭಾಗೀರಥಿಯ ಅಂಗೈಯಲ್ಲಿ ಹತ್ತಿ ನಿಂತುಹೋಯಿತು.

"ನಾನಾ ಮಾಡಿದ್ದು," ಎಂದರು.

ಮುಚ್ಚಿಡಲಿಲ್ಲ. ಹೊಲಕ್ಕೆ ನುಗ್ಗುವ ಕಾಡುಹಂದಿ ಕಾಯಲು ಹೋದ ಅವರ ಅಣ್ಣನ ಬಲಗೈ ನಾಡ ಬಂದೂಕಿನಲ್ಲಿ ಹಾರಿಹೋದಾಗ, ತುಂಡಾದ ಕೈಯನ್ನು ಬಟ್ಟೆಯಲ್ಲಿ ಸುತ್ತಿ ತಂದವರು ಹನ್ನೆರಡು ವರ್ಷದ ಭಾಗೀರಥಿ. ಮಗಳ ಮನೆಯಲ್ಲಿ ಅದೇ ಮದ್ದು ಕಂಡ ದಿನದಿಂದ ನಿದ್ದೆಯಿಲ್ಲ. ತೋಟಾ ಬಿಚ್ಚಿ, ಮದ್ದನ್ನು ಬಕೆಟ್ ನೀರಿನಲ್ಲಿ ಕದಡಿ ಹಿತ್ತಲಲ್ಲಿ ಚೆಲ್ಲಿ, ಪುಡಿ ತುಂಬಿದ್ದರು. ಸಿಡಿಯದ ಪಿಸ್ತೂಲನ್ನು ಅಳಿಯ ಬೇಸತ್ತು ಬಿಟ್ಟಾನೆಂಬ ಆಸೆ.

ನೀಲಾಂಬಿಕಾ ಅವರ ಪಕ್ಕ ಕುಳಿತರು. "ಯವ್ವಾ, ಐದನೇದರಾಗ ಖರೇ ಮದ್ದಿತ್ತು. ಮುಂದ ನಳಿಕ್ಯಾಗ ಗುಂಡು ಸಿಕ್ಕಿತ್ತು. ಇನ್ನೊಂದು ಸಲ ಒತ್ತಿದ್ರ ಪಿಸ್ತೂಲೇ ಒಡೀತಿತ್ತು. ಇವರ ಕೈ, ಕಣ್ಣು…"

ಭಾಗೀರಥಿಯ ಕಣ್ಣು ಅಳಿಯನ ಬಲಗೈಗೆ ಹೋಯಿತು.

"ಅದೊಂದ್ಯಾಕ ಬಿಟ್ಟಿರಿ, ಅತ್ತಿ?" ಶ್ರೀಶೈಲ ಕೇಳಿದ.

ಅವರು ಮೇಜಿನ ಮೇಲಿದ್ದ ಚಮಚವನ್ನು ನೋಡಿದರು.

"ಪುಡಿ ತಳಾ ಮುಟ್ಟಿತ್ತು, ಅಳಿಯಂದ್ರ. ಒಂದು ಚಮಚಾ ಉಳಿಸಿದೆ. ನಿಮಗ ರೊಟ್ಟಿ ಜೋಡಿ ಬೇಕಾಗ್ತದಲ್ಲಾ."

ಆರು ಹೊಡೆಯುವ ಮೊದಲೇ ಶ್ರೀಶೈಲ ತಾನೇ ಪೊಲೀಸರಿಗೆ ಫೋನ್ ಮಾಡಿ, ಗ್ಯಾರೇಜಿಗೆ ಬೀಗ ಹಾಕದ್ದು ತನ್ನ ತಪ್ಪೆಂದು ಒಪ್ಪಿಕೊಂಡು, ಲೈಸೆನ್ಸ್ ಒಪ್ಪಿಸುವುದಾಗಿ ಹೇಳಿದ. ಆಮೇಲೆ ರೊಟ್ಟಿಗೆ ಕುಳಿತ. ಆ ಚಮಚ ಪುಡಿಯನ್ನು ಕಿಟಕಿಯ ಹತ್ತಿರ ಒಯ್ದು, ಮೂಸಿ, ಬೆರಳಿಂದ ಚೂರು ನೆಕ್ಕಿ ನೋಡಿದ ಮೇಲೆಯೇ ತಟ್ಟೆಗೆ ಹಾಕಿಕೊಂಡ.